ಕೆರೆಯಲ್ಲಿ ಗೊಬ್ಬರದ ಚೀಲ ಒಗೆಯಬೇಕೆ?



ಹೋದ ಭಾನುವಾರ ನಮ್ಮೂರ ಕೆರೆಯಲ್ಲಿ ಒಬ್ಬರು ಯೂರಿಯಾ ಚೀಲ ಒಗೆಯುತ್ತಿದ್ದರು. ಹಳೇ ಚೀಲ, ಬಿಸಿಲಿಗೆ ಒಣಗಿ ಪುಡಿಪುಡಿ ಆಗಿತ್ತು. ಕಲ್ಲಿಗೆ ಬಡಿದಾಗೆಲ್ಲ ಬಿಳೀ ಎಳೆಗಳು ನೀರಿನಲ್ಲಿ ತೇಲಿಹೋಗುತ್ತಿದ್ದವು. "ಅಣ್ಣಾ, ಅದನ್ನ ಮೀನು ತಿಂತವೆ" ಅಂದೆ. "ತಿಂದ್ರೆ ಏನಾಯ್ತದೆ ಬುಡ್ಲಾ, ಮೀನು ಮಣ್ಣೇ ತಿಂತದೆ" ಅಂತ ನಕ್ಕರು. ಅಲ್ಲಿ ನನಗೆ ಉತ್ತರ ಹೊಳೆಯಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಪ್ಲಾಸ್ಟಿಕ್ ಮಣ್ಣಿನ ಹಾಗೆ ಕರಗುವುದಿಲ್ಲ, ಚೂರಾಗುತ್ತದೆ ಅಷ್ಟೆ. 5 ಮಿಲಿಮೀಟರಿಗಿಂತ ಸಣ್ಣ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣವೂ ಇರುತ್ತವೆ. ಮೀನು ಅದನ್ನು ಆಹಾರವೆಂದು ನುಂಗುತ್ತದೆ.

ನಮ್ಮ ಸೀಮೆಯ ಹೇಮಾವತಿ ಹೊಳೆನರಸೀಪುರ ದಾಟಿ ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕೆ.ಆರ್.ಎಸ್. ನೀರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನೊಂಗ್ತೊಂಬ ಮತ್ತು ಸಂಗಡಿಗರು ಪರೀಕ್ಷೆ ಮಾಡಿದರು. ಅಲ್ಲಿಯ ಕೆಲವು ಮೀನುಗಳ ದೇಹ ವಿಕಾರವಾಗಿದ್ದದ್ದನ್ನು ಅವರು ಮೊದಲೇ ಕಂಡಿದ್ದರಂತೆ. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಜೋರಾಗಿ ಹರಿಯುವುದು, ನಿಧಾನ ಹರಿಯುವುದು, ನಿಂತದ್ದು, ಹೀಗೆ ಮೂರು ಥರದ ನೀರು ತಂದು ಅದರಲ್ಲಿ ಜೀಬ್ರಾ ಮೀನಿನ ಭ್ರೂಣಗಳನ್ನು ಇಟ್ಟರು. ನಿಧಾನ ಹರಿಯುವ ಮತ್ತು ನಿಂತ ನೀರಿನವಕ್ಕೆ ಮೂಳೆ ವಿಕಾರವಾಯಿತು, ಹೃದಯಕ್ಕೆ ಹಾನಿಯಾಯಿತು, ಸತ್ತವೂ ಹೆಚ್ಚು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದರೂ ತೊಂದರೆ ತಪ್ಪಲಿಲ್ಲ. ನೀರಿನಲ್ಲಿ ಸಿಕ್ಕಿದ್ದು ಮೈಕ್ರೋಪ್ಲಾಸ್ಟಿಕ್ ಮತ್ತು ಸೈಕ್ಲೋಹೆಕ್ಸಿಲ್ ಗುಂಪಿನ ರಾಸಾಯನಿಕ (ಈ ಹೆಸರು ಹೇಳಲು ಮೇಷ್ಟ್ರಿಗೇ ಕಷ್ಟವಾಯಿತು). ಎರಡೂ ಇದ್ದುದರಿಂದ ತಪ್ಪೆಲ್ಲ ಪ್ಲಾಸ್ಟಿಕ್ಕಿನದೇ ಎನ್ನಲಾಗದು. ಮೀನು ತಿನ್ನುವ ನಮಗೆ ಏನಾಗುತ್ತದೆಂದು ಆ ಪರೀಕ್ಷೆ ನೋಡಿಲ್ಲ. ಮೀನು ಬಿಡಿ ಎಂದು ನಾನು ಹೇಳುತ್ತಿಲ್ಲ, ಅವ್ವನ ಮೀನು ಸಾರು ಬಿಡಲು ನನ್ನಿಂದಲೂ ಆಗದು.

ನನಗೆ ಚುಚ್ಚಿದ್ದು 'ನಿಂತ ನೀರು' ಎಂಬ ಮಾತು. ಹೊಳೆಯಾದರೂ ಹರಿಯುತ್ತದೆ. ಕೆರೆ? ಹಾಕಿದ್ದು ಅಲ್ಲೇ ಉಳಿಯುತ್ತದೆ. ಅದರಲ್ಲಿ ಬಿಟ್ಟ ಕಾಟ್ಲಾ, ರೋಹು ಮರಿಗಳು ಎಲ್ಲಿಗೆ ಓಡಿಯಾವು?

ಪ್ಲಾಸ್ಟಿಕ್ ಕವರನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಮಾಡಿದರು. ಗೊಬ್ಬರದ ಚೀಲದ ಮಾತು ಬೇರೆ. ರಾಗಿ ತುಂಬಲು, ಹುಲ್ಲು ತರಲು ರೈತರಿಗೆ ಅದು ಬೇಕೇ ಬೇಕು. ನಾನು ಕೇಳುವುದು ಇಷ್ಟೇ: ಚೀಲ ಒಗೆಯುವುದು ಮನೆ ಹತ್ತಿರ ಇರಲಿ, ಪುಡಿಯಾದ ಚೀಲ ಒಗೆಯುವುದೇ ಬೇಡ. ಅಪ್ಪನಿಗೆ ಹೇಳಿದ್ದಕ್ಕೆ ಮೊದಲು ಬೈದರು. ಈಗ ನಮ್ಮ ಹರಿದ ಚೀಲಗಳು ಕೊಟ್ಟಿಗೆ ಅಟ್ಟದ ಮೇಲಿವೆ. ಗುಜರಿಯವನು ಬಂದಾಗ ಕೊಡೋಣ ಅಂದಿದ್ದಾರೆ.

– ಒಬ್ಬ ವಿದ್ಯಾರ್ಥಿ, 9ನೇ ತರಗತಿ, ದಂಡಿಗನಹಳ್ಳಿ