ಪೆನ್‌ಡ್ರೈವಿನ ಲಿನಕ್ಸ್
ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಬಿಡಿ ಅನ್ನುವ ಸಲಹೆ ಧಾರಾಳವಾಗಿ ಸಿಗುತ್ತಿದೆ. ತುರುವೇಕೆರೆ ಕಡೆಯ ಸಂಪಿಗೆಯಲ್ಲಿ ಕೂತು ಪಹಣಿ, ಕೊಬ್ಬರಿ ಧಾರಣೆ ನೋಡುವವರಿಗೆ ಬ್ರೌಸರ್ ಒಂದಿದ್ದರೆ ಸಾಕು, ಸಲಹೆ ತಪ್ಪೇನಲ್ಲ. ಮೊದಲು ಓಡಿಸಿ ನೋಡಿ, ಹಿಡಿಸಿದರೆ ಅಲ್ಲಿಂದಲೇ ಇನ್‌ಸ್ಟಾಲ್ ಮಾಡುವ ಅನುಕೂಲ ಉಬುಂಟು ಎಂಬ ಲಿನಕ್ಸಿನಲ್ಲಿ 2006ರಿಂದಲೇ ಇದೆ. ಅದರ ಸಿಡಿಯನ್ನು 2011ರವರೆಗೂ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಹೊಸಬರು ಎಡವುವುದು ಓಡಿಸಿ ನೋಡುವುದಕ್ಕೂ ಮುಂಚೆ. ಪೆನ್‌ಡ್ರೈವಿನಿಂದ ಶುರುಮಾಡಲು ಎಫ್2 ಒತ್ತಬೇಕೋ, ಎಫ್12 ಒತ್ತಬೇಕೋ? ಕಂಪನಿಗೊಂದು ಕೀಲಿ. ದಾಟಿದರೆ, ಡಿಸ್ಕನ್ನು ಪೂರ್ತಿ ಅಳಿಸಲೇ ಎಂಬ ಪ್ರಶ್ನೆ. ಮಗನ ಮದುವೆ ಫೋಟೋಗಳೆಲ್ಲ ಅದರೊಳಗೇ! ಕೆಲವು ಯಂತ್ರಗಳಲ್ಲಿ ವೈಫೈ ಡ್ರೈವರ್ ಸಿಗದು, ಅದನ್ನು ಇಳಿಸಿಕೊಳ್ಳಲು ವೈಫೈ ಬೇಕು. 'ನುಡಿ' ತಂತ್ರಾಂಶದ ಹಳೇ ಅಕ್ಷರಗಳಲ್ಲಿ ಟೈಪಿಸಿದ ಕಡತಗಳಂತೂ ಯೂನಿಕೋಡಿಗೆ ಬದಲಿಸದ ಹೊರತು ಕಲಸುಮೇಲೋಗರ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದ್ಯಾವ ತಲೆನೋವೂ ಇಲ್ಲ. ಕೇರಳದ ಶಾಲೆಗಳಿಗಾಗಿ ಅಲ್ಲಿನ 'ಕೈಟ್' ಸಂಸ್ಥೆ ಉಬುಂಟುವನ್ನೇ ಹದಮಾಡಿ, ಪಾಠಕ್ಕೆ ಬೇಕಾದ ತಂತ್ರಾಂಶ ತುಂಬಿ ಕೊಡುತ್ತದೆ, ಕೂತು ಕಲಿತರಾಯಿತು. ಇನ್‌ಸ್ಟಾಲ್ ಸುಲಭವಾಗುವುದೆಂದರೆ, ನನ್ನ ಮಟ್ಟಿಗೆ, ಬಳಸುವವರು ಅದನ್ನು ಮಾಡಬೇಕಾಗಿಯೇ ಬಾರದಿರುವುದು. ನಮ್ಮಲ್ಲಿ ಅಂಥ ಸಂಸ್ಥೆ ಬರುವತನಕ ತಿಪಟೂರಿನ ರಿಪೇರಿ ಅಂಗಡಿಯವರಾದರೂ ಒಂದು ಪೆನ್‌ಡ್ರೈವ್ ಸಿದ್ಧವಿಟ್ಟುಕೊಂಡು, ಮೊದಲು ಫೋಟೋಗಳನ್ನು ಕಾಪಿ ಮಾಡಿ, ಆಮೇಲೆ ಲಿನಕ್ಸ್ ಹಾಕಿಕೊಡಲಿ. ಅದಕ್ಕೆ ಕೂಲಿ ತೆಗೆದುಕೊಳ್ಳಲಿ, ತಂತ್ರಾಂಶವಷ್ಟೇ ಪುಕ್ಕಟೆ.