ಹಾರದ ವಿಮಾನದ ಪಾಠ

1895ರಲ್ಲಿ ಮುಂಬಯಿಯ ಚೌಪಾಟಿಯಲ್ಲಿ ಶಿವಕರ ಬಾಪೂಜಿ ತಲ್ಪಾಡೆ ವಿಮಾನ ಹಾರಿಸಿದರು, ಬ್ರಿಟಿಷರು ಅದನ್ನು ಮುಚ್ಚಿಹಾಕಿದರು, ರೈಟ್ ಸಹೋದರರ ಕೀರ್ತಿ ಭಾರತದಿಂದ ಕದ್ದದ್ದು. ಈ ಪಿತೂರಿ ಕಥೆ ಮಕ್ಕಳಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಮೊಬೈಲಿನಲ್ಲಿ ಸಿಗುತ್ತದೆ. ವಸಾಹತು ಆಡಳಿತ ದೇಶವನ್ನು ದೋಚಿದ್ದು ನಿಜವಾದ್ದರಿಂದ ಕಥೆಯನ್ನು ನಂಬುವುದೂ ಸುಲಭ. ತರಗತಿ ಮಾತ್ರ ಅದರ ಸುದ್ದಿಗೇ ಹೋಗುವುದಿಲ್ಲ. ವಿಮರ್ಶೆಯ ಬುದ್ಧಿ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಕಥೆಗೆ ಆಧಾರವೆಂದು ತೋರಿಸುವ ‘ವೈಮಾನಿಕ ಶಾಸ್ತ್ರ’ ಹುಟ್ಟಿದ್ದು ಕರ್ನಾಟಕದಲ್ಲೇ. ಭರದ್ವಾಜ ಮಹರ್ಷಿಯ ಹೆಸರಿನ ಈ ಗ್ರಂಥವನ್ನು ಬಾಯಿಂದ ಹೇಳಿ ಬರೆಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಗ್ರಂಥವನ್ನು ಗಂಭೀರವಾಗಿ ಓದಿ, ಅದರ ಸಂಸ್ಕೃತ ಆಧುನಿಕವೆಂದು ಲೇಖನವೊಂದರಲ್ಲಿ ತೋರಿಸಿದರು. ಹುಟ್ಟಿನ ಚರಿತ್ರೆ ಕೆದಕಿ, ಅದು 1904ಕ್ಕಿಂತ ಹಳೆಯದಾಗಿರಲಾರದೆಂದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳನ್ನು ವಾಯುಯಾನ ವಿಜ್ಞಾನದ ನಿಯಮಗಳಿಗೆ ಒಡ್ಡಿದಾಗ ಯಾವುದೂ ಹಾರುವಂತಿರಲಿಲ್ಲ. ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ತಲ್ಪಾಡೆ ಮಾಡಿದ ಮಾದರಿಗಳೂ ಹಾರಲಿಲ್ಲವೆಂದು ಅದೇ ಲೇಖನ ದಾಖಲಿಸಿದೆ. ಐವತ್ತು ವರ್ಷ ಕಳೆದರೂ ಈ ಲೇಖನ ಶಾಲೆಗಳನ್ನು ಮುಟ್ಟಿಲ್ಲ. 2015ರ ಮುಂಬಯಿ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಪ್ರಾಚೀನ ವಿಮಾನಗಳು ಮತ್ತೆ ಹಾರಿದವು. ನಾಚಿಕೆಪಡಬೇಕಾದ ಸಂಗತಿಯಿದು.

ಸುಳ್ಳನ್ನು ಪಾಠ ಮಾಡಿದರೆ ಅದಕ್ಕೆ ಮನ್ನಣೆ ಕೊಟ್ಟಂತೆ ಎಂದು ವಿಚಾರವಾದಿಗಳಲ್ಲೇ ಕೆಲವರು ಆಕ್ಷೇಪಿಸುತ್ತಾರೆ. ಪದೇ ಪದೇ ಕೇಳಿದ ಸುಳ್ಳು ನಿಜವೆನಿಸತೊಡಗುವುದು ಹೌದು. ಅದಕ್ಕಾಗಿಯೇ ರೆಕ್ಕೆ ಗಾಳಿಯಲ್ಲಿ ಏಕೆ ಮೇಲೇಳುತ್ತದೆ ಎಂಬುದನ್ನು ಮೊದಲು ಕಲಿಸಬೇಕು. ತಲ್ಪಾಡೆಯ ಕಥೆ ಆಮೇಲೆ. ಆದರೆ ಮಕ್ಕಳು ಆಗಲೇ ಕೇಳಿರುವುದನ್ನು ಬಚ್ಚಿಡುವುದು, ನಂಬಿದವರನ್ನು ಗೇಲಿ ಮಾಡುವುದು ಶಿಕ್ಷಣವಲ್ಲ. ಗೇಲಿಗೊಳಗಾದ ಹುಡುಗ ಕಥೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ.

ಕೇಳಬೇಕಾದ ಪ್ರಶ್ನೆಗಳು ಸರಳ. ಹಾರಾಟವನ್ನು ಕಂಡವರು ಯಾರು? ಅಂದಿನ ಯಾವ ಪತ್ರಿಕೆಯ ಯಾವ ಸಂಚಿಕೆಯಲ್ಲಿ ವರದಿಯಿದೆ? ಯಾವ ಪುರಾವೆ ಸಿಕ್ಕರೆ ಅಭಿಪ್ರಾಯ ಬದಲಾದೀತು? ಕೊನೆಯ ಪ್ರಶ್ನೆಗೆ ಪಿತೂರಿ ಕಥೆಯಲ್ಲಿ ಉತ್ತರವಿಲ್ಲ. ದಾಖಲೆ ಸಿಗದಿದ್ದರೆ ಅದನ್ನೇ ಅಡಗಿಸಿದ್ದಕ್ಕೆ ಸಾಕ್ಷಿ ಮಾಡಿಕೊಳ್ಳುತ್ತದೆ. ಈ ತಿರುವನ್ನು ವಿದ್ಯಾರ್ಥಿ ತಾನೇ ಗುರುತಿಸಬೇಕು.

ಎಲ್ಲವನ್ನೂ ಅನುಮಾನಿಸುವ ಸಿನಿಕತನ ಬೆಳೆಯದಂತೆ ನಿಜವಾದ ಸಂಚೊಂದನ್ನೂ ಪಕ್ಕದಲ್ಲಿಡಬೇಕು. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಪೀಡಿತ ಕಪ್ಪು ಜನರನ್ನು ಚಿಕಿತ್ಸೆ ಕೊಡದೆ ವೀಕ್ಷಿಸಿತು. ಒಳಗಿನವರೊಬ್ಬರು ಪತ್ರಿಕೆಗೆ ತಿಳಿಸಿದಾಗ ಅದು ಬಯಲಾಯಿತು; ಅದಕ್ಕೆ ಸಾಕ್ಷಿಗಳಿದ್ದರು, ಕಡತಗಳಿದ್ದವು.

ಬಾಯಿಪಾಠದ ಉತ್ತರಕ್ಕೆ ಅಂಕ ಕೊಡುವ ಪರೀಕ್ಷೆ ಇರುವವರೆಗೆ ಇಂಥ ತರಗತಿ ಶಿಕ್ಷಕರ ಹೆಚ್ಚುವರಿ ಹೊರೆಯಾಗಿಯೇ ಉಳಿಯುತ್ತದೆ. ಹತ್ತನೇ ತರಗತಿಯ ವಿಜ್ಞಾನ ಪ್ರಶ್ನೆಪತ್ರಿಕೆಯಲ್ಲಿ ಒಂದು ಹೇಳಿಕೆ ಕೊಟ್ಟು, ಅದನ್ನು ಒಪ್ಪಲು ಯಾವ ಪುರಾವೆ ಬೇಕೆಂದು ಕೇಳುವ ಒಂದು ಪ್ರಶ್ನೆಯಾದರೂ ಬರುವ ವರ್ಷದಿಂದ ಇರಬೇಕು.