ಶಾಲೆಯ ಅಂಗಳದಲ್ಲಿ ಹೆತ್ತವರ ಸ್ನೇಹ

ಶಾಲೆಗಳು ಪುನರಾರಂಭಗೊಂಡ ಬಳಿಕ ಶಿಕ್ಷಕ-ರಕ್ಷಕ ಸಂಘಗಳ ಮಹಾಸಭೆ ನಡೆಯುವುದು ವಾಡಿಕೆ. ವರದಿ ವಾಚನ, ಲೆಕ್ಕಪತ್ರ ಮಂಡನೆ, ಪದಾಧಿಕಾರಿಗಳ ಆಯ್ಕೆ, ವಂದನಾರ್ಪಣೆ. ಅಲ್ಲಿಗೆ ಹೆತ್ತವರ ಪಾತ್ರ ಮುಗಿಯುತ್ತದೆ. ಪಕ್ಕದಲ್ಲಿ ಕುಳಿತವರು ಯಾರೆಂಬುದೂ ಅನೇಕರಿಗೆ ತಿಳಿದಿರುವುದಿಲ್ಲ. ಇದು ಸಣ್ಣ ಕೊರತೆಯಲ್ಲವೆಂದು ನಾವು ಭಾವಿಸುತ್ತೇವೆ.

2009ರ ಶಿಕ್ಷಣ ಹಕ್ಕು ಕಾಯಿದೆಯು ಸರಕಾರಿ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕೆಂದು, ಅರ್ಧದಷ್ಟು ಸದಸ್ಯರು ಸ್ತ್ರೀಯರಾಗಿರಬೇಕೆಂದು ವಿಧಿಸಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳನ್ನು ಈ ಕಾಯಿದೆಯ ವ್ಯಾಪ್ತಿಯಿಂದ ಹೊರಗಿರಿಸಿತು. ಆದರೆ ಧರ್ಮಸಭೆಯ ಬೋಧನೆಯಿಂದ ನಮಗೆ ವಿನಾಯಿತಿ ಇಲ್ಲ. ಮಕ್ಕಳ ಪ್ರಥಮ ಶಿಕ್ಷಕರು ತಂದೆತಾಯಂದಿರೇ ಎಂದು ಸಾರಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣ ಕುರಿತ ಘೋಷಣೆಯಲ್ಲಿ ಹೆತ್ತವರ ಸಂಘಗಳಿಗೂ ಪ್ರೋತ್ಸಾಹವಿತ್ತಿದೆ.

ಕಾನೂನು ಸ್ಥಾನವನ್ನು ಕೊಡಬಲ್ಲದು, ಸ್ನೇಹವನ್ನು ಕೊಡಲಾರದು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಸ್ನೇಹಕ್ಕೆ ಮೂರು ಆಧಾರಗಳನ್ನು ಗುರುತಿಸಿದ್ದಾನೆ: ಪ್ರಯೋಜನ, ಸುಖ ಹಾಗೂ ಸದ್ಗುಣ. ಹೆತ್ತವರ ಸ್ನೇಹವು ಮೊದಲನೆಯದರಿಂದಲೇ ಮೊಳೆಯುವುದು ಸಹಜ. ತಪ್ಪಿಹೋದ ಪಾಠದ ಟಿಪ್ಪಣಿಗಾಗಿ, ಆಟೋರಿಕ್ಷಾದ ಬಾಡಿಗೆ ಹಂಚಿಕೊಳ್ಳುವುದಕ್ಕಾಗಿ ನಾವು ಪರಸ್ಪರರನ್ನು ಮಾತನಾಡಿಸುತ್ತೇವೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅಷ್ಟಕ್ಕೇ ನಿಂತರೆ ಪರೀಕ್ಷೆ ಮುಗಿದೊಡನೆ ಸ್ನೇಹವೂ ಮುಗಿಯುತ್ತದೆ. ವಾಟ್ಸ್ಆ್ಯಪ್ ಬಳಗದಲ್ಲಿ ಪ್ರಕಟಣೆ ಓದಿದ ಮಾತ್ರಕ್ಕೆ ಅದು ಬೆಳೆಯದು. ಕ್ರೀಡಾಕೂಟದಂದು ಮಕ್ಕಳಿಗೆ ಜತೆಯಾಗಿ ಪಾನಕ ಹಂಚುವಾಗ, ವಾರ್ಷಿಕೋತ್ಸವದ ವೇದಿಕೆಯನ್ನು ಜತೆಯಾಗಿ ಸಜ್ಜುಗೊಳಿಸುವಾಗ ಒಬ್ಬರ ಗುಣ ಇನ್ನೊಬ್ಬರಿಗೆ ತಿಳಿಯುತ್ತದೆ. ಒಳ್ಳೆಯತನವನ್ನು ಕಂಡು ಬೆಳೆದ ಸ್ನೇಹ ಬಾಳುತ್ತದೆ.

ಇಂದು ಇದರ ಅಗತ್ಯ ಹೆಚ್ಚಿದೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ಉಲ್ಬಣಿಸಿದಾಗ ರಾಜ್ಯದ ಪ್ರೌಢಶಾಲೆ ಹಾಗೂ ಕಾಲೇಜುಗಳಿಗೆ ಮೂರು ದಿನ ರಜೆ ಘೋಷಿಸಬೇಕಾಯಿತು. ಅಂತಹ ಗಳಿಗೆಯಲ್ಲಿ ಪರಸ್ಪರ ಫೋನು ಮಾಡಿ ನಿಜಸ್ಥಿತಿಯನ್ನು ವಿಚಾರಿಸಬಲ್ಲ ಹೆತ್ತವರು ಊರಿನಲ್ಲಿದ್ದರೆ ವದಂತಿಯ ಬಲ ಕುಗ್ಗುತ್ತದೆ. ಅಂತಹ ಸಲುಗೆ ಕಲಹದ ದಿನದಂದು ಹುಟ್ಟುವುದಿಲ್ಲ. ಅದನ್ನು ಶಾಂತಿಯ ದಿನಗಳಲ್ಲಿ ಗಳಿಸಿರಬೇಕು. ನಮ್ಮ ಕಥೋಲಿಕ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಾರೆ. ಅವರ ಹೆತ್ತವರು ಮಾತ್ರ ಬೇರೆ ಬೇರೆಯಾಗಿ ನಿಲ್ಲುವುದು ಸರಿಯೇ?

ಆದುದರಿಂದ ನಮ್ಮ ಕುಟುಂಬಗಳು ಸಭೆಯ ಹಾಜರಿಯಷ್ಟಕ್ಕೇ ತೃಪ್ತರಾಗದಿರಲಿ. ಈ ವರ್ಷ ಶಾಲೆಯ ಒಂದಾದರೂ ಕೆಲಸಕ್ಕೆ ಹೆಗಲು ಕೊಡೋಣ. ಅನ್ಯಧರ್ಮದ ಒಂದು ಕುಟುಂಬವನ್ನಾದರೂ ಹತ್ತಿರದಿಂದ ಅರಿಯೋಣ. ತಂದೆತಾಯಂದಿರು ಯಾರ ಮನೆಗೆ ಹೋಗಿಬರುತ್ತಾರೆಂಬುದನ್ನು ಮಕ್ಕಳು ಗಮನಿಸುತ್ತಿರುತ್ತಾರೆ.